ಹದೀಸ್ ಪಾಠಕ್ಕೆ ಯಾವ ಎಐ? ನನ್ನ ಓಟು ಪಿಡಿಎಫ್ ಕೊಟ್ಟು ಕೇಳುವುದಕ್ಕೆ

ವಿಶ್ವವಿದ್ಯಾಲಯದಲ್ಲಿ ಹದೀಸ್ (ಪ್ರವಾದಿ ಮುಹಮ್ಮದರ ನುಡಿ-ನಡೆಗಳ ವರದಿ), ಫಿಕ್ಹ್ (ಇಸ್ಲಾಮಿ ಧರ್ಮಶಾಸ್ತ್ರ) ಕಲಿಸುವಾಗ ಮೂರು ದಾರಿ ಬಳಸಿ ನೋಡಿದ್ದೇನೆ: ಮಾಮೂಲಿ ಚಾಟ್‌ಬಾಟ್, ನಾವು ಹಾಕಿದ ಪಿಡಿಎಫ್‌ಗಳಿಂದ ಮಾತ್ರ ಉತ್ತರಿಸುವ ಎಐ, ಮತ್ತು ಎಐ ಬೇಡದ ಶಾಮಿಲಾ ಎಂಬ ಅರಬಿ ಡಿಜಿಟಲ್ ಗ್ರಂಥಭಂಡಾರ. ನನಗೆ ಹಿಡಿಸಿದ್ದು ಎರಡನೆಯದು. ಯಾವ ಪುಟ ನೋಡಿ ಹೇಳಿತು ಅಂತ ಅದು ತೋರಿಸುತ್ತದೆ.

ಚಾಟ್‌ಬಾಟ್‌ನಲ್ಲಿ ತಲೆನೋವು ತಂದದ್ದು ಮೂಲದ ವಿಷಯ. 'ಚೀನಾಕ್ಕೆ ಹೋಗಿಯಾದರೂ ವಿದ್ಯೆ ಕಲಿಯಿರಿ' ಎಂಬ ಮಾತು ಎಲ್ಲಿದೆ ಅಂತ ಕೇಳಿದೆ. ಪ್ರಮಾಣಭೂತ ಹದೀಸ್ ಸಂಗ್ರಹವಾದ ಸಹೀಹ್ ಬುಖಾರಿ ಅಂದಿತು, ನಂಬರನ್ನೂ ಕೊಟ್ಟಿತು. ತೆಗೆದು ನೋಡಿದರೆ ಆ ನಂಬರಿನಲ್ಲಿ ಬೇರೆಯೇ ಹದೀಸ್. ಈ ಮಾತು ಬುಖಾರಿಯಲ್ಲಿ ಇಲ್ಲವೇ ಇಲ್ಲ. 12ನೇ ಶತಮಾನದ ವಿದ್ವಾಂಸ ಇಬ್ನುಲ್ ಜೌಝಿ ಇದನ್ನು ಕಟ್ಟಿದ ಹದೀಸ್‌ಗಳ ಪಟ್ಟಿಗೇ ಸೇರಿಸಿದ್ದಾರೆ. ತಪ್ಪು ಅಂತ ಹೇಳಿದ ಕೂಡಲೇ ಕ್ಷಮೆ ಕೇಳಿ, ಇನ್ನೊಂದು ಸಂಗ್ರಹವಾದ ತಿರ್ಮಿದಿ ಅಂದಿತು. ಅಲ್ಲೂ ಇಲ್ಲ!

ಹದೀಸ್ ಕಲಿಯುವುದೆಂದರೆ ಯಾರಿಂದ ಯಾರು ಕೇಳಿದರು ಎಂಬ ಸನದನ್ನು ಒಂದೊಂದೇ ಕೊಂಡಿಯಾಗಿ ಪರೀಕ್ಷಿಸುವುದು. ಪ್ರವಾದಿಯವರು ಹೇಳದ ಮಾತನ್ನು ಅವರ ಹೆಸರಿಗೆ ಅಂಟಿಸಬಾರದು ಅಂತಲೇ ಈ ವಿದ್ಯೆ ಬೆಳೆಯಿತು. ಚಾಟ್‌ಬಾಟ್ ಮುಂದೆ ಯಾವ ಪದ ಬರಬಹುದು ಅಂತ ಲೆಕ್ಕ ಹಾಕಿ ವಾಕ್ಯ ಕಟ್ಟುತ್ತದೆ. ಹಾಗಾಗಿ ಅದು ಕೊಡುವ ಸುಳ್ಳು ಸನದೂ ನಿಜದ ಹಾಗೇ ಕಾಣುತ್ತದೆ. ಮೊದಲ ವರ್ಷದ ವಿದ್ಯಾರ್ಥಿಗೆ ಗೊತ್ತಾಗುವುದು ಹೇಗೆ? ಹದೀಸ್ ಸರಿಯಿದ್ದರೂ ನಂಬರ್ ಗೊಂದಲ ತಪ್ಪಿದ್ದಲ್ಲ. ಸಹೀಹ್ ಮುಸ್ಲಿಮ್ ಎಂಬ ಸಂಗ್ರಹಕ್ಕೆ ಒಂದು ಎಣಿಕೆ 3033ಕ್ಕೆ ನಿಲ್ಲುತ್ತದೆ, ಇನ್ನೊಂದು 7000 ದಾಟುತ್ತದೆ.

ಪಿಡಿಎಫ್ ಎಐನಲ್ಲಿ ಮದ್ಹಬ್‌ಗೊಂದು (ಫಿಕ್ಹ್ ಪಂಥಕ್ಕೊಂದು) ಫೋಲ್ಡರ್ ಮಾಡಿದೆ. ಇಮಾಮರ ಹಿಂದೆ ನಮಾಝ್ ಮಾಡುವವರು ಕುರ್‌ಆನಿನ ಮೊದಲ ಅಧ್ಯಾಯ ಫಾತಿಹಾ ಓದಬೇಕೇ ಅಂತ ಕೇಳಿದರೆ ಹನಫಿ ಫೋಲ್ಡರ್ ಬೇಡ ಅನ್ನುತ್ತದೆ, ಶಾಫಿಈ ಫೋಲ್ಡರ್ ಬೇಕು ಅನ್ನುತ್ತದೆ, ಎರಡೂ ಪುಟದ ಸಮೇತ. ಚಾಟ್‌ಬಾಟ್ ಎರಡನ್ನೂ ಕಲಸಿ ಒಂದೇ ಉತ್ತರ ಕೊಟ್ಟಿತ್ತು. ಕೇಳಿದ್ದು ಫೈಲಿನಲ್ಲಿ ಇಲ್ಲದಿದ್ದರೆ ಪಿಡಿಎಫ್ ಎಐ ಹೆಚ್ಚಾಗಿ ಇಲ್ಲ ಅಂತಲೇ ಹೇಳುತ್ತದೆ. ಆ ಒಂದು ಗುಣಕ್ಕೆ ನಾನು ಸೋತೆ. ಆದರೆ ಹಳೆಯ ಅರಬಿ ಪುಸ್ತಕದ ಸ್ಕ್ಯಾನ್ ಕೊಡಬೇಡಿ. ಚುಕ್ಕೆ ಮಸುಕಾದರೆ ಬಾ, ತಾ, ಸಾ ಅಕ್ಷರಗಳನ್ನು ಅದಲು ಬದಲು ಓದುತ್ತದೆ. ಟೈಪ್ ಮಾಡಿದ ಪಠ್ಯವೇ ಬೇಕು.

ಶಾಮಿಲಾ ಉಚಿತ, ಇಂಟರ್‌ನೆಟ್ ಇಲ್ಲದೆಯೂ ಸಾವಿರಾರು ಗ್ರಂಥ ಹುಡುಕಬಹುದು. ಅರಬಿ ಚೆನ್ನಾಗಿ ಬರಬೇಕು, ಅಷ್ಟೇ.

ತಿಂಗಳ ಚಂದಾಕ್ಕೆ ನಾನು ದುಡ್ಡು ಹಾಕುವುದಿಲ್ಲ, ಉಚಿತ ಮಿತಿಯೇ ಒಂದು ತರಗತಿಗೆ ಸಾಕು. ವಿದ್ಯಾರ್ಥಿಗಳಿಗೆ ಪಿಡಿಎಫ್ ಎಐ, ತಾಳೆ ನೋಡಲು ನನಗೆ ಶಾಮಿಲಾ. ಚಾಟ್‌ಬಾಟ್ ಅರಬಿ ವ್ಯಾಕರಣದ ಅಭ್ಯಾಸ ಪ್ರಶ್ನೆ ಮಾಡಿಕೊಟ್ಟರೆ ಸಾಕು. ಗ್ರಂಥ ತೆರೆದು ನೋಡಿ ಪುಟ ಬರೆಯದ ಹದೀಸ್‌ಗೆ ನನ್ನ ತರಗತಿಯಲ್ಲಿ ಅಂಕವಿಲ್ಲ.