ಮಾತಿನ ಚಿಕಿತ್ಸೆ: ಎರಡು ವರ್ಷ ಬಿಟ್ಟು ಬರೆದ ಅಭಿಪ್ರಾಯ

ಆಪ್ತಸಮಾಲೋಚನೆ ಮುಗಿದ ವಾರದಲ್ಲೇ ಐದು ನಕ್ಷತ್ರ ಕೊಡುವವರನ್ನು ನಾನು ನಂಬುವುದಿಲ್ಲ. ಆ ವಾರ ಯಾರಿಗಾದರೂ ಹಗುರ ಅನ್ನಿಸುತ್ತದೆ. ಅದಕ್ಕೇ ಮೈಸೂರಿನ ಈ ಖಾಸಗಿ ಕೇಂದ್ರದ ಬಗ್ಗೆ ಎರಡು ವರ್ಷ ಬಿಟ್ಟು ಬರೆಯುತ್ತಿದ್ದೇನೆ. ದೂರುಗಳೂ ಇವೆ, ಆದ್ದರಿಂದ ಹೆಸರು ಬೇಡ.

ನನ್ನದು ಸಾಮಾಜಿಕ ಆತಂಕ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಕಡತದ ಮುಂದೆ ಹುಲಿ, ನಾಲ್ಕು ಜನರೆದುರು ಕಾಫಿ ಲೋಟ ಎತ್ತಿದರೆ ಕೈ ನಡುಕ. ಮದುವೆಗಳಲ್ಲಿ ಮುಯ್ಯಿ ಕೊಟ್ಟು, ಹೊಟ್ಟೆ ಸರಿಯಿಲ್ಲವೆಂದು ಹೇಳಿ ಪಂಕ್ತಿ ತಪ್ಪಿಸಿಕೊಂಡು ಬರುತ್ತಿದ್ದೆ.

ಅಲ್ಲಿ ಕೊಟ್ಟದ್ದು ಸಿಬಿಟಿ, ಅಂದರೆ ಯೋಚನೆ, ನಡವಳಿಕೆ ಎರಡನ್ನೂ ತಿದ್ದುವ ಮಾತಿನ ಚಿಕಿತ್ಸೆ. ಸಾಮಾಜಿಕ ಆತಂಕದ ಬಗ್ಗೆ ಮನೋವಿಜ್ಞಾನಿಗಳಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಮುಂದಿಟ್ಟ ವಿವರಣೆ ನನಗೆ ಕೊಟ್ಟ ಚಿಕಿತ್ಸೆಯ ಬುನಾದಿ: ಮಾನ ಉಳಿಸಿಕೊಳ್ಳಲು ನಾವು ನಡೆಸುವ ಕಸರತ್ತೇ ಭಯವನ್ನು ಸಾಕುತ್ತದೆ. ನನ್ನ ಕಸರತ್ತೆಂದರೆ ಅರ್ಧ ಲೋಟ ಮಾತ್ರ ಹಾಕಿಸಿಕೊಳ್ಳುವುದು, ಎರಡೂ ಕೈಯಲ್ಲಿ ಹಿಡಿಯುವುದು, ಯಾರೂ ನೋಡದಾಗ ಗಟಗಟ ಕುಡಿದುಬಿಡುವುದು. ಸಮಾಲೋಚಕಿ ಲೋಟದ ತುಂಬ ಕಾಫಿ ತರಿಸಿ, ಒಂದೇ ಕೈಯಲ್ಲಿ ಹಿಡಿದು ಮಾತನಾಡುತ್ತ ಕುಡಿಯಿರಿ ಎಂದರು, ವಿಡಿಯೊ ಮಾಡಿದರು. ನೋಡುವ ಮುಂಚೆ, ಹೇಗೆ ಕಾಣಿಸುತ್ತೀರಿ ಎಂದು ಬರೆಸಿಕೊಂಡರು. 'ಎದ್ದು ಕಾಣುವ ನಡುಕ, ಕೆಂಪು ಮುಖ' ಎಂದು ಬರೆದೆ. ಪರದೆಯ ಮೇಲೆ ಇದ್ದವನು ಸಾಧಾರಣ ಮನುಷ್ಯ, ತುಸು ಸಪ್ಪೆ. ಆಮೇಲೊಮ್ಮೆ ಹತ್ತಿರದ ಹೋಟೆಲಿಗೆ ಕರೆದೊಯ್ದು ಬೇಕೆಂದೇ ಕಾಫಿ ಚೆಲ್ಲಿಸಿದರು. ಮಾಣಿ ಮೇಜು ಒರೆಸಿ ಹೋದ, ನನ್ನ ಮುಖ ಕೂಡ ನೋಡಲಿಲ್ಲ.

ಕೋಣೆಯೊಳಗೆ ಆಡಿದ ಮಾತು ಬಹುಪಾಲು ಮರೆತಿದೆ. ಹೀಗೆ ಮಾಡಿಸಿದ್ದು ಯಾವುದೂ ಮರೆತಿಲ್ಲ. ಈಗ ಪಂಕ್ತಿಯಲ್ಲಿ ಕೂರುತ್ತೇನೆ, ಎರಡನೇ ಸಲ ಸಾರು ಕೇಳುತ್ತೇನೆ. ನಡುಕ ಆಗಾಗ ಬರುತ್ತದೆ, ಅಡಗಿಸಲು ಹೋಗುವುದಿಲ್ಲ. ತಹಶೀಲ್ದಾರರಿಗೆ ಫೋನ್ ಮಾಡುವ ಮುಂಚೆ ಮಾತ್ರ ಇಂದಿಗೂ ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಫೋನ್ ಮಾತನ್ನು ಅಲ್ಲಿ ಅಭ್ಯಾಸ ಮಾಡಿಸಿರಲಿಲ್ಲ.

ನಾರ್ವೆಯಲ್ಲಿ ಸುಮಾರು ನೂರು ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಒಂದು ವರ್ಷದ ನಂತರ ನೋಡಿದಾಗ, ಆತಂಕಕ್ಕೆ ಕೊಡುವ ಪ್ಯಾರೊಕ್ಸೆಟಿನ್ ಎಂಬ ಮಾತ್ರೆ ಮಾತ್ರ ಪಡೆದವರಿಗಿಂತ ಇಂಥ ಚಿಕಿತ್ಸೆ ಮಾತ್ರ ಪಡೆದವರು ಹೆಚ್ಚು ಸಂಖ್ಯೆಯಲ್ಲಿ ಚೇತರಿಸಿಕೊಂಡಿದ್ದರು. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ, ಅದು ವೈದ್ಯರನ್ನು ಕೇಳಿ ಮಾಡುವ ಕೆಲಸ.

ಇನ್ನು ದೂರುಗಳು. ಕಾಯುವ ಜಾಗದಲ್ಲಿ ಹೆಸರು ಹಿಡಿದು ಗಟ್ಟಿಯಾಗಿ ಕೂಗುತ್ತಾರೆ, ಅದೂ ಇಂಥ ರೋಗಿಗಳನ್ನು! ಮನೆಯಲ್ಲಿ ತುಂಬಿಸಿ ತರಬೇಕಾದ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿ. ನಾನು ಹೆದರುವುದು ಕನ್ನಡದಲ್ಲಿ. ಒಂದು ಭೇಟಿಗೆ 1,200 ರೂಪಾಯಿ, ಅರ್ಧ ಗಂಟೆಯ ಮರುಭೇಟಿಗೂ ಅಷ್ಟೇ. ನಾಲ್ಕು ನಕ್ಷತ್ರ ಕೊಡುತ್ತೇನೆ.

ದುಡ್ಡಿನ ತಾಪತ್ರಯ ಇರುವವರು ಮೊದಲು 14416ಕ್ಕೆ ಕರೆ ಮಾಡಬಹುದು. ಅದು 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ದುಡ್ಡು ಕೊಟ್ಟು ಎಲ್ಲಿಗೇ ಹೋಗುವುದಾದರೂ ಮೊದಲೇ ಒಂದು ಮಾತು ಕೇಳಿ: ಕೋಣೆಯಿಂದ ಹೊರಗೆ ಕರೆದೊಯ್ದು ಮಾಡಿಸುತ್ತೀರಾ? ಇಲ್ಲ ಎಂದರೆ ಬೇರೆ ಕಡೆ ನೋಡಿ.