ರೇಷ್ಮೆ ಎಳೆ: ಆಸಿಡ್‌ನಲ್ಲಿ ನೂತದ್ದು, ನೀರಿನಲ್ಲಿ ನೂತದ್ದು

ಜೀವಕೋಶ ಬೆಳೆಸಲು ರೇಷ್ಮೆ ಪ್ರೋಟೀನಿನ ನ್ಯಾನೊ ಎಳೆಗಳ ಹಾಳೆ ಬೇಕಿತ್ತು. ಎಲೆಕ್ಟ್ರೋಸ್ಪಿನ್ನಿಂಗ್‌ನಲ್ಲಿ (ಅಂದರೆ ಸೂಜಿಯಿಂದ ಬರುವ ದ್ರಾವಣವನ್ನು ಹೆಚ್ಚಿನ ವೋಲ್ಟೇಜಿನಿಂದ ಸಣ್ಣ ಎಳೆಯಾಗಿ ಎಳೆಯುವುದರಲ್ಲಿ) ಎರಡು ದಾರಿ ಹಿಡಿದು ನೋಡಿದೆ: ಪ್ರೋಟೀನನ್ನು ಕರಗಿಸಲು ಫಾರ್ಮಿಕ್ ಆಸಿಡ್ ಒಂದು, ನೀರು ಇನ್ನೊಂದು.

ಮೊದಲ ಅರ್ಧ ಎರಡಕ್ಕೂ ಒಂದೇ. ಗೂಡನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿ ಸೆರಿಸಿನ್ ಅಂಟು ಬಿಡಿಸಬೇಕು. ತೂಕದಲ್ಲಿ ಕಾಲು ಭಾಗದಷ್ಟು ಅಲ್ಲೇ ಹೋಗುತ್ತದೆ. ಉಳಿದ ಫೈಬ್ರೊಯಿನ್, ಅಂದರೆ ರೇಷ್ಮೆಯ ಮುಖ್ಯ ಪ್ರೋಟೀನ್, 9.3 ಮೋಲಾರ್‌ನಷ್ಟು ಗಾಢವಾದ ಉಪ್ಪು ನೀರಿನಲ್ಲಿ, ಅಂದರೆ ಲಿಥಿಯಂ ಬ್ರೋಮೈಡ್‌ನಲ್ಲಿ, 60 ಡಿಗ್ರಿಯಲ್ಲಿ, 4 ಗಂಟೆಗೆ ಕರಗುತ್ತದೆ. ಆಮೇಲೆ 2 ದಿನ ಡಯಾಲಿಸಿಸ್ ಮಾಡಿ, ಅಂದರೆ ಸಣ್ಣ ರಂಧ್ರಗಳ ಪೊರೆಯಲ್ಲಿ ತುಂಬಿ ನೀರಿನಲ್ಲಿಟ್ಟು, ಉಪ್ಪು ತೆಗೆಯುವುದು.

ಆಸಿಡ್ ದಾರಿಗೆ ಈ ದ್ರಾವಣವನ್ನು ಫ್ರೀಜ್-ಡ್ರೈ ಮಾಡಿ (ಹೆಪ್ಪುಗಟ್ಟಿಸಿ ಒಣಗಿಸಿ), ಸಿಕ್ಕಿದ ಸ್ಪಂಜನ್ನು 98% ಫಾರ್ಮಿಕ್ ಆಸಿಡ್‌ನಲ್ಲಿ ಕರಗಿಸಿದೆ. ನೂಲುವುದು ಬಲು ಸಲೀಸು. ಎಳೆ ಸಣ್ಣ, ಗಂಟಿಲ್ಲ, ಸೂಜಿ ಕಟ್ಟಿಕೊಳ್ಳುವುದಿಲ್ಲ. ಮೈಕ್ರೋಸ್ಕೋಪ್ ಚಿತ್ರ ನೋಡಿ ಇದೇ ಸಾಕು ಅಂದುಕೊಂಡಿದ್ದೆ. ಆದರೆ ಆಸಿಡ್‌ನಲ್ಲಿ ಪ್ರೋಟೀನ್ ನಿಧಾನಕ್ಕೆ ತುಂಡಾಗುತ್ತದೆ. ನಿನ್ನೆಯ ದ್ರಾವಣ ಇವತ್ತು ತೆಳುವಾಗಿ, ಎಳೆಯ ನಡುವೆ ಮಣಿ ಮಣಿ ಬಂತು. ಆಯಾ ದಿನದ್ದು ಆಯಾ ದಿನವೇ ನೂಲಬೇಕು. ಹಾಳೆಯಲ್ಲಿ ಉಳಿದ ಆಸಿಡ್ ಹೋಗುವವರೆಗೂ ತೊಳೆಯಬೇಕು, ಇಲ್ಲದಿದ್ದರೆ ಜೀವಕೋಶಕ್ಕೆ ಏಟು.

ನೀರಿನ ದಾರಿ ಸತಾಯಿಸಿತು. ಬರೀ ಫೈಬ್ರೊಯಿನ್ ನೀರು ಎಳೆಯಾಗದೆ ಹನಿಯಾಗಿ ಸಿಡಿಯಿತು. ಅದಕ್ಕೆ ದಪ್ಪ ಕೊಡಲು ಪಾಲಿಎಥಿಲೀನ್ ಆಕ್ಸೈಡ್ (ಪಿಇಒ) ಎಂಬ, ನೀರಿನಲ್ಲಿ ಕರಗುವ ಪಾಲಿಮರ್ ಬೆರೆಸುತ್ತಾರೆ. ಜೋರಾಗಿ ಕಲಕಿದರೆ ಇಡೀ ದ್ರಾವಣ ಜೆಲ್ ಆಗಿ ಕೂರುತ್ತದೆ. ಒಂದು ವಾರದ ಕೆಲಸ ನನಗೆ ಹಾಗೇ ಹೋಯಿತು. ಬೀಕರನ್ನು ಮೆಲ್ಲಗೆ ತಿರುಗಿಸುವುದು ಕಲಿತ ಮೇಲೆ ಎಳೆ ಬಂತು. ಆಸಿಡ್ ಎಳೆಗಿಂತ ದಪ್ಪ, ಆದರೆ ಒಂದೇ ಸಮ.

ಸುಮ್ನೆ ನೀರಿಗೆ ಹಾಕಿದರೆ ಈ ಹಾಳೆ ಕರಗಿಹೋಗುತ್ತದೆ. ಪ್ರೋಟೀನ್ ಸರಪಳಿಗಳು ಪಕ್ಕಪಕ್ಕಕ್ಕೆ ಒತ್ತಾಗಿ ಜೋಡಿಸಿಕೊಂಡು ಬೀಟಾ-ಶೀಟ್ ಎಂಬ ರಚನೆ ಆದರೆ ಮಾತ್ರ ನೀರಿಗೆ ತಡೆಯುತ್ತದೆ. ಮೆಥನಾಲ್‌ನಲ್ಲಿ ಅದ್ದಿದೆ. ಬೇಗ ಆಯಿತು, ಆದರೆ ಹಾಳೆ ಸುಕ್ಕುಗಟ್ಟಿ ಗರಿಗರಿಯಾಯಿತು. ಮಡಚಿದರೆ ಮುರಿಯುತ್ತದೆ. ಇನ್ನೊಂದು ತುಂಡನ್ನು ಗಾಳಿ ಆಡದಂತೆ ಮುಚ್ಚುವ ಪಾತ್ರೆಯಾದ ಡೆಸಿಕೇಟರ್‌ನಲ್ಲಿ, ತಳದಲ್ಲಿ ನೀರಿಟ್ಟು, ಗಾಳಿ ಹೊರಗೆಳೆದು ಇಟ್ಟೆ. ನೀರಾವಿ ಹಾಳೆಯನ್ನು ನಿಧಾನವಾಗಿ ಗಟ್ಟಿ ಮಾಡಿತು, ಮೆದುತನ ಉಳಿಯಿತು. ನನಗೆ ತುಂಬಾ ಹಿಡಿಸಿದ್ದು ಇದೇ. ಆದರೆ ಬೀಟಾ-ಶೀಟ್ ಕಡಿಮೆ ಇರುವುದರಿಂದ ಕಿಣ್ವಗಳು ಇದನ್ನು ಬೇಗ ಕರಗಿಸುತ್ತವೆ. ಮೂಳೆಯಂಥ ನಿಧಾನದ ಕೆಲಸಕ್ಕಾದರೆ ಮೆಥನಾಲ್‌ಗೇ ಹೋಗುತ್ತೇನೆ.

ಇಷ್ಟಾದ ಮೇಲೂ ಮೊದಲ ಸಲ ಜೀವಕೋಶ ಕೂರಲಿಲ್ಲ. ಕಾರಣ ಪಿಇಒ. ಅದು ಪ್ರೋಟೀನನ್ನಾಗಲಿ ಜೀವಕೋಶವನ್ನಾಗಲಿ ಹತ್ತಿರ ಸೇರಿಸುವುದಿಲ್ಲ. ಎರಡು ದಿನ 37 ಡಿಗ್ರಿ ನೀರಿನಲ್ಲಿ, ನೀರು ಬದಲಿಸುತ್ತಾ ನೆನೆಸಿ ಅದನ್ನು ತೆಗೆದ ಮೇಲೆ ಕೋಶಗಳು ಅಂಟಿ, ಚಾಚಿ ಹರಡಿದವು. ಬಣ್ಣ ಹಚ್ಚಿದ ಕೋಶಗಳು ಮೈಕ್ರೋಸ್ಕೋಪ್‌ನಲ್ಲಿ ಹಸಿರಾಗಿ ಕಂಡ ಆ ಚಿತ್ರ ನೋಡಿದಾಗ ಆದ ಸಂತೋಷ ಇನ್ನೂ ನೆನಪಿದೆ.

ಹೋಲಿಕೆಗೆ ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಕೃತಕ ಪಾಲಿಮರನ್ನೂ ನೂತಿದ್ದೆ. ನೂಲಲು ಎಲ್ಲಕ್ಕಿಂತ ಸುಲಭ, ಆದರೆ ನೀರು ಮೇಲೇ ಹನಿಯಾಗಿ ನಿಲ್ಲುತ್ತದೆ.

ಈಗ ನಾನು ನೂಲುವುದು ನೀರಿನಲ್ಲೇ. ಸಮಯ ಜಾಸ್ತಿ ಹಿಡಿಯುತ್ತದೆ, ಆದರೆ ಕೋಶ ಕೂರುವ ಜಾಗಕ್ಕೆ ಆಸಿಡ್ ಯಾಕೆ ತಾಗಿಸಬೇಕು, ಅಲ್ವಾ? ಒಂದು ತೊಂದರೆ ಮಾತ್ರ ಎರಡರಲ್ಲೂ ಹಾಗೇ ಇದೆ: ಎಳೆಗಳ ಸಂದು ಕಿರಿದು, ಕೋಶಗಳು ಮೇಲೇ ಹರಡುತ್ತವೆ, ಒಳಗೆ ಇಳಿಯುವುದಿಲ್ಲ. ಪಿಇಒ ಪಾಲು ಹೆಚ್ಚಿಸಿ, ಅದು ಕರಗಿದ ಮೇಲೆ ಸಂದು ಅಗಲವಾಗುತ್ತದಾ ಅಂತ ಈಗ ನೋಡುತ್ತಿದ್ದೇನೆ.