ಸ್ಯಾಟರ್ನ್ 5 ಮಾಡೆಲ್‌ಗೆ ಹಾಕಿದ ರೆಸಿನ್ ಸೆಟ್: ಮೂರು ವರ್ಷದ ಮೇಲೆ

ಡಬ್ಬಿ ಬಿಚ್ಚಿದ ದಿನವೇ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಮೂರು ವರ್ಷ ಕಪಾಟಿನಲ್ಲಿ ನಿಂತ ಮೇಲೆ ಮೂರೂವರೆಗೆ ಇಳಿದಿದ್ದೇನೆ.

ನನ್ನ ಹತ್ತಿರ ಇದ್ದದ್ದು 1/144 ಅಳತೆಯ ಹಳೇ ಪ್ಲಾಸ್ಟಿಕ್ ಕಿಟ್. ಮನುಷ್ಯರನ್ನು ಚಂದ್ರನತ್ತ ಒಯ್ದ ನಿಜವಾದ ಸ್ಯಾಟರ್ನ್ 5 ರಾಕೆಟ್‌ನ ಎತ್ತರ 110.6 ಮೀಟರ್, ಮಾಡೆಲ್ ಸುಮಾರು 77 ಸೆಂ.ಮೀ. ಬರುತ್ತದೆ. ಒಟ್ಟಾರೆ ಆಕಾರ ಪರವಾಗಿಲ್ಲ. ಆದರೆ ಎಂಜಿನ್‌ಗಳು ಆಟಿಕೆಯ ಗಂಟೆಗಳ ಹಾಗಿದ್ದವು. ಹಂತಗಳ ನಡುವಿನ ರಿಂಗ್ ಮೇಲೆ ಉದ್ದುದ್ದ ಏಣುಗಳು ಇರಬೇಕು, ಇದರಲ್ಲಿ ನುಣ್ಣಗಿತ್ತು. ಹಾಗಾಗಿ ಬೇರೆ ಕಡೆಯಿಂದ ಈ ಸೆಟ್ ತರಿಸಿದೆ. ರೆಸಿನ್‌ನಲ್ಲಿ (ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ತ್ರೀಡಿ ಪ್ರಿಂಟ್ ಮಾಡಿದ, ಮೊದಲ ಹಂತದ ಐದು ಎಫ್-1 ಎಂಜಿನ್, ಏಣುಗಳಿರುವ ರಿಂಗ್, ಅಪಾಯವಾದರೆ ಯಾತ್ರಿಗಳ ಕೋಶವನ್ನು ಎಳೆದೊಯ್ಯಲು ತುದಿಯಲ್ಲಿರುವ ಎಸ್ಕೇಪ್ ಟವರ್ ಮತ್ತು ಮೈಮೇಲಿನ ಅಕ್ಷರಗಳನ್ನು ಅಂಟಿಸುವ ಒಂದು ಡೀಕಾಲ್ ಹಾಳೆ, ಇಷ್ಟು ಬಂತು.

ಮೊದಲು ಎಂಜಿನ್ ವಿಷಯ, ಯಾಕೆಂದರೆ ನಾನು ಜಾಸ್ತಿ ಒದ್ದಾಡಿದ್ದು ಅಲ್ಲೇ. ಎಫ್-1 ನಳಿಕೆಯ ಬಾಯಿಯ ಅಗಲ ಸುಮಾರು 3.72 ಮೀಟರ್. 144ರಿಂದ ಭಾಗಿಸಿದರೆ 25.8 ಮಿ.ಮೀ. ಕ್ಯಾಲಿಪರ್ ಹಿಡಿದು ನೋಡಿದರೆ 24.8! ಒಂದು ಮಿಲಿಮೀಟರ್ ತಾನೇ ಅನ್ನಿಸಬಹುದು. ನಿಜವಾದ ರಾಕೆಟ್‌ನಲ್ಲಿ ಅದು 14 ಸೆಂ.ಮೀ. ಆಯಿತಲ್ಲ. ಲೆಕ್ಕ ಹಾಕಿದಾಗ ಗುಟ್ಟು ಗೊತ್ತಾಯಿತು, ಅದು 1/150ಕ್ಕೆ ಸರಿಯಾಗಿ ಹೊಂದುತ್ತಿತ್ತು. ಒಂದು ಅಳತೆಗೆ ಮಾಡಿದ ಫೈಲನ್ನು ಇನ್ನೊಂದರ ಹೆಸರಿನಲ್ಲಿ ಪ್ರಿಂಟ್ ಮಾಡಿದ್ದರು. ಬರೆದು ಕೇಳಿದ ಮೇಲೆ ತಪ್ಪು ಒಪ್ಪಿಕೊಂಡು ಸರಿಯಾದ ಐದನ್ನು ಕಳಿಸಿದರು. ಅದಕ್ಕೇ ಮೂರಕ್ಕೆ ಅರ್ಧ ಸೇರಿಸಿದ್ದು.

ಹೊಸ ಎಂಜಿನ್‌ಗಳು ಬಹಳ ಚೆಂದ. ಪೈಪು, ಪಂಪು ಎಲ್ಲ ಎಣಿಸಬಹುದು. ತೊಂದರೆ ಅಲ್ಲೇ ಇತ್ತು ನೋಡಿ. ಮ್ಯೂಸಿಯಂಗಳಲ್ಲಿ ಸಾಮಾನ್ಯವಾಗಿ ಕಾಣುವುದು ಬರಿಮೈಯ ಎಂಜಿನ್, ಈ ಸೆಟ್ ಮಾಡಿದವರು ಅದನ್ನೇ ನೋಡಿ ಮಾಡಿರಬೇಕು. ಹಾರಿದ ರಾಕೆಟ್‌ಗಳಲ್ಲಿ ಶಾಖ ತಡೆಯುವ ಹೊದಿಕೆ ಎಂಜಿನ್ ಪೂರ್ತಿ ಸುತ್ತಿಕೊಂಡಿರುತ್ತಿತ್ತು. ನಾನು ಕಟ್ಟುತ್ತಿದ್ದದ್ದು 1969ರ ಜುಲೈನಲ್ಲಿ ಹಾರಿದ ಅಪೋಲೋ 11. ಕೊನೆಗೆ ತೆಳು ಅಲ್ಯೂಮಿನಿಯಂ ಫಾಯಿಲನ್ನು ಮುದುರಿ, ಬಿಡಿಸಿ, ನೀರು ಬೆರೆಸಿದ ಅಂಟಿನಿಂದ ಐದಕ್ಕೂ ಸುತ್ತಿದೆ. ದುಡ್ಡು ಕೊಟ್ಟು ತಂದ ಅಷ್ಟೂ ಪೈಪುಗಳು ಒಳಗೆ ಮುಚ್ಚಿಹೋದವು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಮ್ಯೂಸಿಯಂನಲ್ಲಿ ಮಲಗಿರುವ ರಾಕೆಟನ್ನೇ ಕಟ್ಟುವವರಾದರೆ ಇದೇ ಎಂಜಿನ್‌ಗೆ ಪೂರ್ತಿ ಅಂಕ ಕೊಡಬಹುದು.

ಅಂದಮೇಲೆ ಯಾವ ರಾಕೆಟ್ ಕಟ್ಟುತ್ತೀರಿ ಎಂದು ಮೊದಲೇ ನಿರ್ಧರಿಸದೆ ಬಿಡಿಭಾಗ ಹುಡುಕಬೇಡಿ. ಬಣ್ಣದಲ್ಲೂ ಇದೇ ಕಥೆ. ನನ್ನ ಕಿಟ್‌ನ ಸೂಚನೆ ಹಾಳೆಯಲ್ಲಿ ಮೊದಲ ಹಂತದ ಎರಡು ಟ್ಯಾಂಕುಗಳ ನಡುವಿನ ಭಾಗಕ್ಕೆ ಕಪ್ಪು ಬಣ್ಣ ತೋರಿಸಿದ್ದರು. ನಾನೂ ನಂಬಿ ಬಳಿದೆ. ಅದು 500ಎಫ್ ರಾಕೆಟ್‌ನ ಬಣ್ಣ. 1966ರ ಮೇನಲ್ಲಿ ಉಡಾವಣಾ ಕಟ್ಟೆಯ ವ್ಯವಸ್ಥೆ ಪರೀಕ್ಷಿಸಲು ನಿಲ್ಲಿಸಿದ್ದು, ಹಾರಲೇ ಇಲ್ಲ. ಆ ಕಪ್ಪು ಬಿಸಿಲು ಹೀರಿ ಒಳಗೆ ಕಾಯುತ್ತದೆ ಎಂದು ಹಾರುವ ರಾಕೆಟ್‌ಗಳಲ್ಲಿ ಅಲ್ಲಿ ಬಿಳಿ ಬಳಿದರು. ಇದು ಗೊತ್ತಾಗಿದ್ದು ಈ ಸೆಟ್‌ನ ಡೀಕಾಲ್ ಜೊತೆ ಬಂದ ಚಿತ್ರದಿಂದ. ಎಮರಿ ಪೇಪರ್ ಹಿಡಿದು ಒಂದು ಇಡೀ ಭಾನುವಾರ ಉಜ್ಜಿದೆ.

ರಿಂಗ್ ಬಗ್ಗೆ ಹೇಳುವುದು ಕಡಿಮೆ. 10.06 ಮೀಟರ್ ವ್ಯಾಸಕ್ಕೆ 69.9 ಮಿ.ಮೀ. ಬರಬೇಕು, ಬಂದಿದೆ. ಏಣುಗಳು ಸ್ವಲ್ಪ ದಪ್ಪ, ಪ್ರೈಮರ್ ಬಿದ್ದ ಮೇಲೆ ಕಣ್ಣಿಗೆ ಹೊಡೆಯುವುದಿಲ್ಲ. ಆದರೆ ಕಿಟ್‌ನ ಕೊಳವೆಯೇ ಕೂದಲೆಳೆಯಷ್ಟು ಸಣ್ಣದಿತ್ತು. ಪುಟ್ಟಿ ತುಂಬಿ ಮಟ್ಟ ಮಾಡಬೇಕಾಯಿತು. ತಪ್ಪು ಕಿಟ್‌ನದ್ದು, ಬೈಗುಳ ರಿಂಗ್‌ಗೆ!

ಈಗ ಮೂರು ವರ್ಷದ ಲೆಕ್ಕ. ಎಂಜಿನ್‌ಗಳು ಇಟ್ಟ ಹಾಗೇ ಇವೆ. ರೆಸಿನ್‌ನ ತೂಕ ಕೆಳಗೆ ಬಿದ್ದದ್ದರಿಂದ ಮಾಡೆಲ್ ಅಲುಗಾಡದೆ ನಿಲ್ಲುತ್ತದೆ, ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಎಸ್ಕೇಪ್ ಟವರ್ ಮಾತ್ರ ಕೈ ಕೊಟ್ಟಿತು. ಬೆಂಕಿಕಡ್ಡಿಗಿಂತ ತೆಳುವಾದ ಕಂಬಿಗಳು ಮೊದಲ ಬೇಸಿಗೆಯಲ್ಲೇ ಬಾಗಿದವು. ಬಿಸಿನೀರಲ್ಲಿ ಅದ್ದಿ ನೇರ ಮಾಡಿದೆ, ಮತ್ತೆ ಬಾಗಿತು. ಕಿಟಕಿಯ ಬಿಸಿಲು ತಾಗಿ ತಾಗಿ ಪೆಡಸಾಗಿ, ಎರಡನೇ ವರ್ಷ ಧೂಳು ಒರೆಸುವಾಗ ಪಟ್ಟೆಂದು ಮುರಿಯಿತು. ಈಗಿರುವುದು ಹಿತ್ತಾಳೆ ತಂತಿಯಲ್ಲಿ ನಾನೇ ಬೆಸೆದದ್ದು. ಅಷ್ಟು ನಾಜೂಕಿಲ್ಲ, ಆದರೆ ನೆಟ್ಟಗಿದೆ.

ಡೀಕಾಲ್‌ನ ಕೆಂಪು ಅಕ್ಷರಗಳು ಮಾಸಿಲ್ಲ. ಸುತ್ತಲಿನ ಪಾರದರ್ಶಕ ಪೊರೆ ಮಾತ್ರ ತುಸು ಹಳದಿಯಾಗಿದೆ. ಅಂಟಿಸದೆ ಉಳಿದ ತುಂಡನ್ನು ಕಿಟಕಿ ಗಾಜಿಗೆ ಟೇಪ್ ಹಾಕಿ ಕೆಲವು ದಿನ ಬಿಸಿಲಿಗೆ ಇಟ್ಟೆ, ಹಳದಿ ಹೋಯಿತು. ಅಂಟಿಸಿಬಿಟ್ಟಿದ್ದಕ್ಕೆ ಆ ಉಪಾಯ ಇಲ್ಲ, ರೆಸಿನ್‌ಗೆ ಆ ಬಿಸಿಲೇ ಶತ್ರು ಅಲ್ವಾ?

ಇದೇ ಸೆಟ್ ಮತ್ತೆ ಕೊಳ್ಳುತ್ತೇನಾ? ರಿಂಗ್ ಮತ್ತು ಡೀಕಾಲ್ ಬಿಡಿಯಾಗಿ ಕೊಟ್ಟರೆ ಇವತ್ತೇ. ಎಂಜಿನ್ ಬೇಕಾದರೆ ಕ್ಯಾಲಿಪರ್ ಹಿಡಿದು ತೆಗೆದ ಒಂದು ಫೋಟೋ ಕಳಿಸಿ ಎಂದು ಮೊದಲು ಕೇಳುತ್ತೇನೆ. ಟವರ್‌ಗೆ ಹಿತ್ತಾಳೆ ತಂತಿ ಇನ್ನೂ ಒಂದು ಸುರುಳಿ ಉಳಿದಿದೆ.